ಪೆಟ್ಟಿಗೆಯಲ್ಲಿ ಉಳಿದ ಕ್ಯಾಸೆಟ್ಟುಗಳು

(ನಮ್ಮ ಸಂಸ್ಥೆಯ ವಾರ್ಷಿಕ ದಿನಾಚರಣೆಯಲ್ಲಿ ಝಳಕಿಯ ಹಿರಿಯ ವಿಡಿಯೋಗ್ರಾಫರ್ ಒಬ್ಬರು ಸದಸ್ಯರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ನಾನು ಭಾಷಣ ಮಾಡಿ ಅನುಭವ ಇರುವವನಲ್ಲ. 2001ರಿಂದ ಹತ್ತು-ಹನ್ನೆರಡು ವರ್ಷ ಝಳಕಿ, ಚಡಚಣ, ಹೊರ್ತಿ, ಇಂಡಿ ಕಡೆಯ ಮದುವೆ, ಉರುಸು, ಜಾತ್ರೆ, ಶಾಲೆಯ ಗ್ಯಾದರಿಂಗ್‌ಗಳಲ್ಲಿ ಕ್ಯಾಮರಾ ಹಿಡಿದು ಓಡಾಡಿದವನು. ಬೇರೆಯವರು ಮಾತಾಡುವುದನ್ನು ಚಿತ್ರೀಕರಿಸಿದ್ದೇನೆ ಹೊರತು ಮೈಕಿನ ಮುಂದೆ ನಾನು ನಿಂತದ್ದು ಕಡಿಮೆ. ಆದರೂ ಕಾರ್ಯದರ್ಶಿಯವರು ಕರೆದಾಗ ಒಪ್ಪಿಕೊಂಡೆ. ಏಕೆಂದರೆ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕಾಗಿದೆ. ಆ ತಪ್ಪಿನಿಂದ ಕಲಿತ ಒಂದು ಕೆಲಸವನ್ನು ನೀವು ಕಲಿಯಬೇಕೆಂದು ಕೇಳಿಕೊಳ್ಳಬೇಕಾಗಿದೆ. ಹಳೆಯ ಡಿಜಿಟಲ್ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದೇ ಆ ಕೆಲಸ.

ಒಂದು ದನಿಯ ಕಥೆ

ಮೊದಲಿಗೆ ನನ್ನ ಬಳಿ ಹೆಗಲ ಮೇಲೆ ಹೊರುವ ವಿ.ಎಚ್.ಎಸ್. ಕ್ಯಾಮರಾ ಇತ್ತು. 2003ರಲ್ಲಿ ಸಾಲ ಮಾಡಿ ಮಿನಿ ಡಿವಿ ಕ್ಯಾಮರಾ ತಂದೆ. ಕ್ಯಾಸೆಟ್ಟುಗಳನ್ನು ಸೊಲ್ಲಾಪುರದಿಂದ ತರುತ್ತಿದ್ದೆ. ಆಗ ಒಂದು ಕ್ಯಾಸೆಟ್ಟಿನ ಬೆಲೆ ನಮ್ಮ ಕಡೆಯ ಹೊಲದ ಒಂದು ದಿನದ ಕೂಲಿಗಿಂತ ಹೆಚ್ಚಾಗಿತ್ತು. ಹೀಗಾಗಿ ನಮ್ಮ ವೃತ್ತಿಯವರಲ್ಲಿ ಅನೇಕರು ಮಾಡುತ್ತಿದ್ದುದನ್ನೇ ನಾನೂ ಮಾಡುತ್ತಿದ್ದೆ. ಮದುವೆಯನ್ನು ಚಿತ್ರೀಕರಿಸಿ, ಎಡಿಟಿಂಗ್ ಮಾಡಿಸಿ, ಸಿ.ಡಿ. ಇಲ್ಲವೆ ಡಿವಿಡಿ ಮನೆಯವರಿಗೆ ಕೊಟ್ಟು, ಬಾಕಿ ಹಣ ಬಂದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಕಾರ್ಯಕ್ರಮವನ್ನು ಮತ್ತೆ ರೆಕಾರ್ಡ್ ಮಾಡುತ್ತಿದ್ದೆ. ಮನೆಯವರಿಗೆ ಡಿವಿಡಿ ಸಿಕ್ಕಿತಲ್ಲ, ಇನ್ನು ಕ್ಯಾಸೆಟ್ ಯಾರಿಗೆ ಬೇಕು ಎಂದುಕೊಂಡಿದ್ದೆ.

2019ರಲ್ಲಿ ಒಬ್ಬ ಹೆಣ್ಣುಮಗಳು ನನ್ನ ಅಂಗಡಿಗೆ ಬಂದರು. 2004ರಲ್ಲಿ ಅವರ ಮದುವೆಯನ್ನು ನಾನೇ ಚಿತ್ರೀಕರಿಸಿದ್ದೆ. ಅವರ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಕೊಟ್ಟಿದ್ದ ಡಿವಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಅದರಲ್ಲಿ ತಂದೆಯ ಮುಖ ಇದೆ, ಆದರೆ ದನಿ ಇಲ್ಲ. ಆಗಿನ ಎಡಿಟಿಂಗ್ ನಿಮಗೆ ಗೊತ್ತಿರಬಹುದು. ಮೂಲ ಧ್ವನಿಯನ್ನು ತೆಗೆದುಹಾಕಿ ಉದ್ದಕ್ಕೂ ಸಿನಿಮಾ ಹಾಡು ಹಾಕುತ್ತಿದ್ದೆವು. ಅವರು ನನ್ನನ್ನು ಕೇಳಿದ್ದು ಇಷ್ಟೇ: "ಭಾಯ್, ಹಾಡು ಬ್ಯಾಡ್ರಿ. ಅಬ್ಬಾ ಮಾತಾಡಿದ್ದು ಐತೇನ ನೋಡ್ರಿ. ನನ್ನ ಸಣ್ಣ ಮಗಳು ಅವ್ರ ದನಿ ಕೇಳೇ ಇಲ್ರಿ."

ನಾನು ತಗಡಿನ ಟ್ರಂಕು ತೆಗೆದು ಆ ವರ್ಷದ ಕ್ಯಾಸೆಟ್ ಹುಡುಕಿದೆ. ಅದರ ಮೇಲಿನ ಚೀಟಿಯಲ್ಲಿ ಅವರ ಊರಿನ ಹೆಸರನ್ನು ಹೊಡೆದು ಕೆಳಗೆ ಒಂದು ಶಾಲೆಯ ಗ್ಯಾದರಿಂಗ್ ಎಂದು ಬರೆದಿದ್ದೆ. ಹಾಕಿ ನೋಡಿದರೆ ಮಕ್ಕಳ ನೃತ್ಯ ಬಂತು. "ಅಳಿಸಿ ಹೋಗೇತ್ರಿ ಅಕ್ಕಾ" ಎಂದು ಹೇಳಿ ಕಳಿಸಿದೆ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಆ ಶಾಲೆಯವರಿಗೆ ತಮ್ಮ ಗ್ಯಾದರಿಂಗ್ ಬೇಕಾಯಿತು. ಅದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹಚ್ಚಿ ನಾನು ಜೋಹರ್ ನಮಾಜಿಗೆ ಹೋದೆ. ಹಿಂದಿರುಗಿ ಬರುವಾಗ ಅಂಗಡಿಯ ಒಳಗಿನಿಂದ ಒಬ್ಬ ಹಿರಿಯರ ಮಾತು ಕೇಳುತ್ತಿತ್ತು: "ದೂರದಿಂದ ಬಂದವ್ರನ್ನ ಮೊದಲ ಕುಂದರ್ಸ್ರಿ. ಬಸ್ಸಿಗೆ ಹೋಗೋರ ಅದಾರ. ಮನೀಯವ್ರು ನಾವು ಆಮ್ಯಾಲ ಉಂಡ್ರಾತು."

ಆದದ್ದು ಇಷ್ಟು. ಕ್ಯಾಸೆಟ್ 60 ನಿಮಿಷದ್ದು. ಮದುವೆಯ ದಿನ ಅದು ಪೂರ್ತಿ ತುಂಬಿತ್ತು. ಗ್ಯಾದರಿಂಗ್ ಮಾತ್ರ 51 ನಿಮಿಷಕ್ಕೆ ಮುಗಿದಿತ್ತು. ಹೊಸ ರೆಕಾರ್ಡಿಂಗ್ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಹಳೆಯದು ಅಳಿಸಿತ್ತು. ಕೊನೆಯ ಒಂಬತ್ತು ನಿಮಿಷದಲ್ಲಿ ಹಳೆಯ ಮದುವೆಯ ಊಟದ ಪಂಗ್ತಿ ಹಾಗೆಯೇ ಉಳಿದುಕೊಂಡಿತ್ತು. ಅದರಲ್ಲಿ ಆ ತಂದೆಯ ಮಾತು ಅರ್ಧ ನಿಮಿಷವೂ ಇಲ್ಲ. ಅದನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಅವರ ಮನೆಗೆ ನಾನೇ ಹೋದೆ. ಆ ಮನೆಯಲ್ಲಿ ಅಂದು ಏನಾಯಿತೆಂಬುದನ್ನು ಇಲ್ಲಿ ಹೇಳುವುದು ಬೇಡ. ಇನ್ನುಳಿದ 51 ನಿಮಿಷದಲ್ಲಿ ಏನಿತ್ತೋ, ಅದನ್ನು ಅಳಿಸಿದವನು ನಾನು ಎಂಬುದನ್ನು ಮಾತ್ರ ಮರೆತಿಲ್ಲ.

ಈಗಲೇ ಏಕೆ?

ನಮ್ಮ ಭಾಗದ ಎಷ್ಟೋ ಮನೆಗಳ ಅಲಮಾರಿಯಲ್ಲಿ ಇಂಥ ಕ್ಯಾಸೆಟ್ಟುಗಳಿವೆ. ಸೌದಿ, ದುಬೈಗಳಲ್ಲಿ ದುಡಿದು ಬಂದವರು ತಂದ ಹ್ಯಾಂಡಿಕ್ಯಾಮಿನ ಕ್ಯಾಸೆಟ್ಟುಗಳಿವೆ. ಶಾಲೆ, ಸಂಘಗಳ ಕಪಾಟಿನಲ್ಲಿವೆ. ಎಲ್ಲರೂ "ಇದ್ದಾವಲ್ಲ, ಎಂದಾದರೂ ನೋಡಿದರಾಯಿತು" ಎನ್ನುತ್ತಾರೆ. ಕ್ಯಾಸೆಟ್ ಇದೆ ನಿಜ. ಅದನ್ನು ಓದುವ ಯಂತ್ರ ಎಲ್ಲಿದೆ?

ಡಿವಿ ಎಂಬ ಈ ಪದ್ಧತಿ 1995ರಲ್ಲಿ ಬಂತು. ಸುಮಾರು 2010ರ ಹೊತ್ತಿಗೆ ಮೆಮೊರಿ ಕಾರ್ಡಿನ ಕ್ಯಾಮರಾಗಳು ಅದರ ಜಾಗ ಹಿಡಿದವು. ಈಗ ಉಳಿದಿರುವುದು ಹಳೆಯ ಕ್ಯಾಮರಾಗಳು ಮಾತ್ರ. ಅವುಗಳ ರಬ್ಬರು ಸಡಿಲವಾಗುತ್ತಿದೆ, ಹೆಡ್ ಸವೆಯುತ್ತಿದೆ, ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ವಿ.ಎಚ್.ಎಸ್. ಗತಿಯೂ ಹೀಗೆಯೇ ಆಯಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯಿ 2016ರಲ್ಲಿ ಅದನ್ನು ನಿಲ್ಲಿಸಿತು.

ಇದು ನಮ್ಮ ಝಳಕಿಯ ಚಿಂತೆ ಮಾತ್ರವಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ಟೇಪುಗಳಿಗೆ 2025ನ್ನೇ ಗಡುವೆಂದು ಹೇಳಿತ್ತು. ಅಷ್ಟರೊಳಗೆ ಇಳಿಸಿಕೊಳ್ಳದ ಟೇಪುಗಳು ಬಹುಪಾಲು ಕೈತಪ್ಪುತ್ತವೆ ಎಂಬುದು ಅವರ ಎಚ್ಚರಿಕೆ. ಯುನೆಸ್ಕೊ ಕೂಡ 2019ರಲ್ಲಿ ಕಾಂತೀಯ ಟೇಪುಗಳ ಬಗ್ಗೆ ಜಗತ್ತಿನ ಸಂಸ್ಥೆಗಳನ್ನು ಎಚ್ಚರಿಸುವ ಯೋಜನೆ ಕೈಗೊಂಡಿತು. ಆ ಗಡುವು ಬಂದೇಬಿಟ್ಟಿತು. ನಮ್ಮ ಅದೃಷ್ಟಕ್ಕೆ ನಮ್ಮ ಎಷ್ಟೋ ಕ್ಯಾಸೆಟ್ಟುಗಳು ಇನ್ನೂ ಓಡುತ್ತಿವೆ.

ನಮ್ಮ ಜಿಲ್ಲೆಯ ಬಿಸಿಲು, ಧೂಳು ಟೇಪಿನ ಶತ್ರುಗಳು. ನೀರು ಅದಕ್ಕಿಂತ ದೊಡ್ಡ ಶತ್ರು. 2009ರ ಮಹಾಪೂರದಲ್ಲಿ, ಮತ್ತೆ 2020ರಲ್ಲಿ ಭೀಮೆ ತುಂಬಿ ಬಂದಾಗ ಹೊಳೆ ದಂಡೆಯ ಮನೆಗಳಲ್ಲಿ ಕಾಳುಕಡಿ, ಕಾಗದಪತ್ರಗಳ ಜತೆ ಕ್ಯಾಸೆಟ್ಟುಗಳೂ ನೆನೆದವು. ಅತ್ತ ಕೃಷ್ಣೆಯ ದಂಡೆಯ ಮಾತೇ ಬೇರೆ. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ ಆಲಮಟ್ಟಿ ಅಣೆಕಟ್ಟೆಯಿಂದ ನಮ್ಮ ನಾಡಿಗೆ ನೀರಾವರಿ ಬಂತು. ಅದರ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗವೂ ಅನೇಕ ಹಳ್ಳಿಗಳೂ ಹೋದವು. ಆ ಊರುಗಳಲ್ಲಿ ಆದ ಮದುವೆಗಳ ವಿಡಿಯೋ ಇದ್ದವರು ಯೋಚಿಸಿ. ಮದುಮಕ್ಕಳ ಹಿಂದೆ ಕಾಣುವ ಓಣಿ, ಮಸೀದಿಯ ಕಟ್ಟೆ, ಬೇವಿನ ಗಿಡ, ಹನುಮಪ್ಪನ ಗುಡಿಯ ಮುಂದಿನ ಬಯಲು ಇವತ್ತು ನೀರಿನಡಿ ಇವೆ. ಅವು ಉಳಿದಿರುವುದು ಆ ಟೇಪಿನಲ್ಲಿ ಮಾತ್ರ.

ಟೇಪಿನೊಳಗೆ ಏನಿದೆ?

ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ. ಮಿನಿ ಡಿವಿ ಟೇಪಿನ ಅಗಲ 6.35 ಮಿಲಿಮೀಟರ್, ಅಂದರೆ ಕಾಲು ಇಂಚು. ಕ್ಯಾಮರಾದೊಳಗಿನ ಒಂದು ಸಣ್ಣ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತ ಟೇಪಿನ ಮೇಲೆ ಓರೆಯಾಗಿ ಗೆರೆಗಳನ್ನು ಬರೆಯುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದು ಚಿತ್ರಕ್ಕೆ 12 ಗೆರೆಗಳು. ಒಂದು ಗೆರೆಯ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಅಷ್ಟು ಸಣ್ಣ ಗೆರೆಯ ಮೇಲೆ ಒಂದು ಧೂಳಿನ ಕಣ ಕುಳಿತರೂ ಚಿತ್ರದಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತದೆ.

60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಸಲು 'ಎಲ್‌ಪಿ' ಎಂಬ ಸೌಲಭ್ಯವಿತ್ತು. ಅದರಲ್ಲಿ ಗೆರೆಗಳು ಇನ್ನೂ ಸಣ್ಣ. ಹಾಗೆ ತುಂಬಿದ ಕ್ಯಾಸೆಟ್ ಅನೇಕ ಸಲ ತಾನು ರೆಕಾರ್ಡ್ ಆದ ಕ್ಯಾಮರಾದಲ್ಲಿ ಮಾತ್ರ ಸರಿಯಾಗಿ ಓಡುತ್ತದೆ. ಆದ್ದರಿಂದ ಮನೆಯ ಹಳೆಯ ಕ್ಯಾಮರಾವನ್ನು ಗುಜರಿಗೆ ಹಾಕಬೇಡಿ. ಬ್ಯಾಟರಿ ಸತ್ತಿದ್ದರೂ ಅಡಾಪ್ಟರಿನಿಂದ ನಡೆಯಬಹುದು.

ಮುಖ್ಯವಾದ ಮಾತು ಇದು. ಈ ಟೇಪಿನ ಮೇಲಿರುವುದು ಅಂಕಿಗಳು. ವಿ.ಎಚ್.ಎಸ್. ಪ್ರತಿ ತೆಗೆದರೆ ಪ್ರತಿ ಸಲವೂ ಚಿತ್ರ ಮಂಕಾಗುತ್ತಿತ್ತು. ಡಿವಿ ಟೇಪಿನ ಅಂಕಿಗಳನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿಕೊಂಡರೆ ಮೂಲಕ್ಕೂ ಪ್ರತಿಗೂ ವ್ಯತ್ಯಾಸವೇ ಇರುವುದಿಲ್ಲ. ಹಾಗೆ ಇಳಿಸಲು ಸರಿಯಾದ ದಾರಿ ಬೇಕು.

ಸರಿಯಾದ ದಾರಿ ಯಾವುದು?

ಈ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಮೂರು ತೂತುಗಳಿರುತ್ತವೆ. ಒಂದು, ಟಿ.ವಿ.ಗೆ ಜೋಡಿಸುವ ಹಳದಿ, ಬಿಳಿ, ಕೆಂಪು ಪಿನ್ನಿನ ಎ.ವಿ. ವೈರಿನದು. ಇನ್ನೊಂದು ಯುಎಸ್‌ಬಿ. ಮೂರನೆಯದು 'ಡಿವಿ' ಎಂದೋ 'ಐ.ಲಿಂಕ್' ಎಂದೋ ಬರೆದಿರುವ ಸಣ್ಣ ತೂತು. ಇದನ್ನೇ ಫೈರ್‌ವೈರ್ ಎನ್ನುತ್ತಾರೆ.

ಎ.ವಿ. ವೈರಿನಲ್ಲಿ ಇಳಿಸಿದರೆ ಅಂಕಿಗಳು ಮೊದಲು ಟಿ.ವಿ. ಸಿಗ್ನಲ್ ಆಗಿ, ಆಮೇಲೆ ಮತ್ತೆ ಅಂಕಿಗಳಾಗುತ್ತವೆ. ಹಾಲನ್ನು ಹೆಪ್ಪು ಹಾಕಿ ಮತ್ತೆ ಹಾಲು ಮಾಡಲು ಹೋದಂತೆ. ಬಹಳಷ್ಟು ಮಾದರಿಗಳಲ್ಲಿ ಯುಎಸ್‌ಬಿ ಇದ್ದದ್ದು ಕಾರ್ಡಿನಲ್ಲಿರುವ ಫೋಟೋಗಳಿಗೆ. ಅದರಿಂದ ವಿಡಿಯೋ ಬಂದರೂ ಸಣ್ಣದಾಗಿ ಮಂಕಾಗಿ ಬರುತ್ತದೆ. ಫೈರ್‌ವೈರ್ ಒಂದರಲ್ಲೇ ಟೇಪಿನ ಅಂಕಿಗಳು ಇದ್ದಂತೆ ಬರುತ್ತವೆ. ಚಿತ್ರೀಕರಿಸಿದ ದಿನಾಂಕ, ವೇಳೆಯೂ ಜತೆಗೇ ಬರುತ್ತದೆ. ಕ್ಯಾಮರಾದ ಗಡಿಯಾರ ಸರಿ ಇಟ್ಟಿದ್ದರೆ ಯಾವ ದಿನ ಎಷ್ಟು ಗಂಟೆಗೆ ನಿಕಾಹ್ ಆಯಿತು ಎಂಬುದೂ ತಿಳಿಯುತ್ತದೆ.

ಫೈರ್‌ವೈರ್ ಕೂಡ ಮರೆಯಾಗುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ತೂತೇ ಇಲ್ಲ. ಆಪಲ್ ಕಂಪನಿಯೇ ಬೆಳೆಸಿದ ಈ ಫೈರ್‌ವೈರ್‌ಗೆ 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋದಲ್ಲಿ ಬೆಂಬಲ ಇಲ್ಲ. ಆದರೆ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಒಂದು ಫೈರ್‌ವೈರ್ ಕಾರ್ಡ್ ಹಾಕಿಸಿದರೆ ಕೆಲಸ ನಡೆಯುತ್ತದೆ. ವಿಂಡೋಸ್‌ನಲ್ಲಿ 'ವಿನ್‌ಡಿವಿ', ಲಿನಕ್ಸ್‌ನಲ್ಲಿ 'ಡಿವಿಗ್ರ್ಯಾಬ್' ಎಂಬ ಉಚಿತ ತಂತ್ರಾಂಶಗಳಿವೆ. ವಿಂಡೋಸ್ 10ರಲ್ಲಿ ಕ್ಯಾಮರಾ ಕಾಣದಿದ್ದರೆ ಕಾರ್ಡಿಗೆ ಹಳೆಯ 'ಲೆಗಸಿ' ಡ್ರೈವರ್ ಹಾಕಿ ನೋಡಬೇಕು. ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರ್ ಇದ್ದರೆ ಅದೇ ಈ ಕೆಲಸಕ್ಕೆ ಸರಿ.

ಇನ್ನು ಕೆಲವರ ಬಳಿ ಇರುವುದು ಸ್ವಲ್ಪ ದೊಡ್ಡ 8 ಮಿ.ಮೀ. ಕ್ಯಾಸೆಟ್. 1999ರಲ್ಲಿ ಸೋನಿ ಕಂಪನಿ ತಂದ ಡಿಜಿಟಲ್-8 ಕ್ಯಾಮರಾ ಅದೇ ಟೇಪಿನ ಮೇಲೆ ಡಿವಿ ಅಂಕಿಗಳನ್ನು ಬರೆಯುತ್ತಿತ್ತು. ಅದಕ್ಕೂ ಇದೇ ದಾರಿ.

ಮಾಡುವ ಕ್ರಮ

ಮೊದಲು ಕ್ಯಾಸೆಟ್ಟಿನ ಬೆನ್ನ ಮೇಲಿರುವ ಸಣ್ಣ ಗುಂಡಿಯನ್ನು 'ಸೇವ್' ಕಡೆ ಸರಿಸಿ. ಇನ್ನು ಅದರ ಮೇಲೆ ತಪ್ಪಿಯೂ ರೆಕಾರ್ಡ್ ಆಗುವುದಿಲ್ಲ. ನಾನು ಆ ಗುಂಡಿಯನ್ನು ಸರಿಸಿದ್ದರೆ ಇವತ್ತು ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ನೀರು ಕುಡಿದ, ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಕ್ಯಾಮರಾಕ್ಕೆ ಹಾಕಲೇಬೇಡಿ. ಕ್ಯಾಮರಾ ಕೆಡುತ್ತದೆ, ಮುಂದಿನ ಕ್ಯಾಸೆಟ್ಟುಗಳಿಗೂ ಅದು ಅಂಟುತ್ತದೆ. ಅಂಥವನ್ನು ಬೇರೆ ಇಟ್ಟು ಬಲ್ಲವರಿಗೆ ತೋರಿಸಿ. ಒಳ್ಳೆಯ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಟೇಪು ಇದರಿಂದ ಸಡಿಲಾಗಿ ಸಮನಾಗುತ್ತದೆ. ಚಿತ್ರದಲ್ಲಿ ಚೌಕಗಳು ಬಂದರೆ ಹೆಡ್ ತೊಳೆಯುವ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಷ್ಟೇ ಹೊತ್ತು, ಕೆಲವೇ ಸೆಕೆಂಡು ಹಾಕಿ. ಹೆಚ್ಚು ಹಾಕಿದರೆ ಹೆಡ್ಡೇ ಸವೆಯುತ್ತದೆ.

ವೈರ್ ಜೋಡಿಸುವಾಗ ಕ್ಯಾಮರಾ ಬಂದ್ ಇರಲಿ. ಕಂಪ್ಯೂಟರ್ ಕಡೆಯ ದೊಡ್ಡ ಪಿನ್ನಿನಲ್ಲಿ ಕರೆಂಟ್ ಇರುತ್ತದೆ. ಅದನ್ನು ತಿರುವು-ಮುರುವು ಒತ್ತಿ ಹಾಕಿದರೆ ಕ್ಯಾಮರಾದ ಡಿವಿ ತೂತು ಸುಟ್ಟು ಹೋಗಬಹುದು. ಜೋಡಿಸಿದ ಮೇಲೆ ಕ್ಯಾಮರಾವನ್ನು ಪ್ಲೇ ಸ್ಥಿತಿಗೆ ತನ್ನಿ.

ಇಲ್ಲಿ ಅವಸರ ನಡೆಯದು. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು. ಅದು ಸುಮಾರು 13 ಜಿಬಿ ಜಾಗ ತಿನ್ನುತ್ತದೆ. 40 ಕ್ಯಾಸೆಟ್ಟಿಗೆ 520 ಜಿಬಿ. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಒಂದು ಮನೆತನದ ಎರಡು ತಲೆಮಾರು ಹಿಡಿಯುತ್ತದೆ.

ಕಾರ್ಯಕ್ರಮ ಮುಗಿದು ಪರದೆ ನೀಲಿಯಾದ ಕೂಡಲೇ ನಿಲ್ಲಿಸಬೇಡಿ. ಕೆಲವು ತಂತ್ರಾಂಶಗಳು ನಡುವೆ ಖಾಲಿ ಜಾಗ ಬಂದರೆ ತಾವೇ ನಿಲ್ಲುತ್ತವೆ. ಮತ್ತೆ ಹಚ್ಚಿ, ಟೇಪು ಪೂರ್ತಿ ಮುಗಿಯುವವರೆಗೆ ಓಡಲಿ. ಕೊನೆಯ ಒಂಬತ್ತು ನಿಮಿಷದಲ್ಲಿ ಯಾರು ಕಾದು ಕುಳಿತಿರುತ್ತಾರೋ ನಮಗೆ ತಿಳಿಯದು.

ಇಳಿಸಿದ ಮೂಲ ಫೈಲನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಬಣ್ಣ ತಿದ್ದಬೇಡಿ. ಮೊಬೈಲಿನಲ್ಲಿ ನೋಡಲು ಬೇರೆ ಒಂದು ಸಣ್ಣ ಪ್ರತಿ ಮಾಡಿಕೊಳ್ಳಿ. ಫೈಲಿನ ಹೆಸರಿನಲ್ಲಿ ವರ್ಷ, ಊರು, ಮನೆತನ, ಸಂದರ್ಭ ಇರಲಿ. ಎರಡು ಡಿಸ್ಕಿನಲ್ಲಿ ಎರಡು ಪ್ರತಿ ಇಟ್ಟು, ಒಂದನ್ನು ಬೇರೆ ಊರಿನ ಸಂಬಂಧಿಕರ ಮನೆಯಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಇಷ್ಟೆಲ್ಲ ಆದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಇದು ಅಮಾನತ್

ಒಂದು ಸೂಕ್ಷ್ಮ ವಿಷಯ ಹೇಳಲೇಬೇಕು. ಮದುವೆಯ ಕ್ಯಾಸೆಟ್ಟಿನಲ್ಲಿ ಹೆಣ್ಣುಮಕ್ಕಳ ಕೋಣೆಯ ಚಿತ್ರೀಕರಣ ಇರುತ್ತದೆ. ಆ ದಿನ ಆ ಮನೆಯವರು ನಮ್ಮನ್ನು ನಂಬಿ ಒಳಗೆ ಬಿಟ್ಟಿದ್ದರು. ಅವರಿಂದ ಹಣ ಪಡೆದ ಮಾತ್ರಕ್ಕೆ ಆ ಚಿತ್ರ ನಮ್ಮದಾಗುವುದಿಲ್ಲ. ನಮ್ಮ ಕೈಯಲ್ಲಿರುವುದು ಅವರ ಅಮಾನತ್. ಆದ್ದರಿಂದ ಇಳಿಸಿದ್ದನ್ನು ಮನೆಯವರ ಕೈಗೆ ಕೊಡಬೇಕೇ ಹೊರತು ಮೊಬೈಲುಗಳಲ್ಲಿ ಹಂಚಬಾರದು, ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬಾರದು. ಹೆಂಗಸರ ಕಡೆಯ ಕ್ಯಾಸೆಟ್ಟುಗಳನ್ನು ಹೆಣ್ಣುಮಕ್ಕಳೇ ಇಳಿಸುವಂತಾದರೆ ಇನ್ನೂ ಒಳ್ಳೆಯದು. ನಮ್ಮ ವಿದ್ಯಾರ್ಥಿನಿಯರು ಈ ಕೆಲಸ ಏಕೆ ಕಲಿಯಬಾರದು? ಇದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ.

ಸಂಸ್ಥೆಗೆ ನನ್ನ ವಿನಂತಿ

ಹಿರಿಯರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಒಂದು ಹಳೆಯ ಕಂಪ್ಯೂಟರ್, ಒಂದು ಫೈರ್‌ವೈರ್ ಕಾರ್ಡ್, ಎರಡು ಹಾರ್ಡ್ ಡಿಸ್ಕ್, ಒಂದು ರಿಜಿಸ್ಟರ್ ಇಷ್ಟನ್ನು ಸಂಸ್ಥೆ ಕೊಡಲಿ. ನನ್ನ ಎರಡು ಕ್ಯಾಮರಾಗಳನ್ನು ನಾನು ಕೊಡುತ್ತೇನೆ. ಒಂದು ಸರಿಯಾಗಿ ಓಡುತ್ತದೆ, ಇನ್ನೊಂದು ಮನಸ್ಸು ಬಂದಾಗ ಓಡುತ್ತದೆ. ಭಾನುವಾರ ನಾನೇ ಬಂದು ಕಲಿಸುತ್ತೇನೆ. ಯಾವ ಮನೆಯಿಂದ ಎಷ್ಟು ಕ್ಯಾಸೆಟ್ ಬಂತು, ಯಾವಾಗ ಹಿಂದಿರುಗಿಸಿದೆವು, ಯಾರು ಸಹಿ ಮಾಡಿ ಪಡೆದರು ಎಂಬುದು ರಿಜಿಸ್ಟರಿನಲ್ಲಿ ಇರಲಿ. ನಮ್ಮ ಸಂಸ್ಥೆಯ ಕಪಾಟಿನಲ್ಲಿರುವ ಹಳೆಯ ವಾರ್ಷಿಕೋತ್ಸವಗಳ ಕ್ಯಾಸೆಟ್ಟುಗಳಿಂದಲೇ ಆರಂಭಿಸೋಣ. ಈ ಶಾಲೆಗೆ ತಮ್ಮ ಆಯುಷ್ಯ ಸವೆಸಿದ ಗುರುಗಳ ಮಾತುಗಳು ಅದರಲ್ಲಿವೆ.

ವಿದ್ಯಾರ್ಥಿಗಳೇ, ನೀವು ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಮ್ಮಿಯನ್ನೋ ದಾದಿಯನ್ನೋ ಕೇಳಿ ಅಲಮಾರಿಯ ಮೇಲಿನ ಪೆಟ್ಟಿಗೆ ಇಳಿಸಿ. ಅದರಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ ಇದ್ದರೆ ಮೊದಲು ಆ ಸಣ್ಣ ಗುಂಡಿ ಸರಿಸಿ. ಆಮೇಲೆ ಅದರಲ್ಲಿ ಯಾರಿದ್ದಾರೆ ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು. ಬರುವ ಭಾನುವಾರ ಅದನ್ನು ತೆಗೆದುಕೊಂಡು ಬನ್ನಿ. ನಾನು ಕ್ಯಾಮರಾ ಹಚ್ಚಿಕೊಂಡು ಕುಳಿತಿರುತ್ತೇನೆ.